ಎದೆ ಬಡಿತಕ್ಕೆ ಹೆದರಿದ ಟೈಲರ್: ದೇಹ, ಮನಸ್ಸು ಎರಡನ್ನೂ ಜೊತೆಗಿಟ್ಟು ನೋಡಿದ ಒಂದು ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಎಂದು ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಸಾವಿತ್ರಮ್ಮ ಎನ್ನೋಣ. ನಲವತ್ತು ದಾಟಿದ ಹೆಂಗಸು. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಮದುವೆ ಸೀಸನ್‌ನಲ್ಲಿ ಬ್ಲೌಸ್ ಹೊಲಿಯಲು ಇಬ್ಬರು ಹುಡುಗಿಯರು ಅವರ ಕೈಕೆಳಗೆ ಕೆಲಸ ಮಾಡುತ್ತಾರೆ. ಗಂಡ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ.

ನಾನು ಆಪ್ತಸಮಾಲೋಚಕಿ. ಮಾತಿನ ಜೊತೆಗೆ ಉಸಿರು, ಸ್ನಾಯುಗಳ ಬಿಗಿತ, ನಿದ್ದೆ, ಊಟ ಇವನ್ನೂ ನೋಡಿ ಕೆಲಸ ಮಾಡುತ್ತೇನೆ. ಇದಕ್ಕೆ ‘ಹೋಲಿಸ್ಟಿಕ್’ ಎಂದು ಬೋರ್ಡ್ ಹಾಕಿಕೊಳ್ಳುವವರು ಈಗ ಜಾಸ್ತಿ. ಆ ಬೋರ್ಡಿನಡಿ ಒಳ್ಳೆಯ ಕೆಲಸವೂ ನಡೆಯುತ್ತದೆ, ಬಣ್ಣದ ಹರಳು ಮಾರುವುದೂ ನಡೆಯುತ್ತದೆ. ನನ್ನ ಮಟ್ಟಿಗೆ, ದೇಹವನ್ನೂ ನೋಡುತ್ತೇನೆ ಅಂದಮೇಲೆ ಮೊದಲು ಮಾಡಬೇಕಾದ್ದು ಬಂದವರ ಲ್ಯಾಬ್ ರಿಪೋರ್ಟ್ ಓದುವುದು.

ತೊಂದರೆ ಶುರುವಾದದ್ದು

ಲೈನಿಂಗ್ ಬಟ್ಟೆ, ಲೇಸು ತರಲು ಸಾವಿತ್ರಮ್ಮ ಆಗಾಗ ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತಿದ್ದರು. 2025ರ ಆರಂಭದಲ್ಲಿ ಹಾಗೆ ಹೋಗುವಾಗ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ ಅಂದಿತು. ಉಸಿರು ಸಾಲದಾಯಿತು, ಬೆರಳು ಜುಮ್ ಎಂದವು, ಕಣ್ಣು ಮಂಜಾಯಿತು. ‘ಪ್ರಾಣ ಹೋಯ್ತು ಅಂತಲೇ ಅಂದ್ಕೊಂಡೆ ಮೇಡಂ.’ ನಡುದಾರಿಯಲ್ಲಿ ಇಳಿದು ಆಟೋದಲ್ಲಿ ಆಸ್ಪತ್ರೆಗೆ ಹೋದರು. ಇಸಿಜಿ ಸರಿ ಇತ್ತು. ‘ಗ್ಯಾಸ್ ಅಷ್ಟೇ, ಹೆದರಬೇಡಿ’ ಎಂದು ಮಾತ್ರೆ ಬರೆದುಕೊಟ್ಟರು.

ಎರಡು ವಾರಕ್ಕೆ ಮತ್ತೆ ಹಾಗೆಯೇ ಆಯಿತು. ಆಮೇಲೆ ಎಕೋ, ಟಿಎಂಟಿ ಎಂಬ ಹೃದಯದ ಪರೀಕ್ಷೆಗಳೂ ಆದವು. ಎಲ್ಲವೂ ಸರಿ. ಪ್ರತಿ ಸಲವೂ ‘ನಿಮಗೇನೂ ಇಲ್ಲ’ ಎಂಬ ಉತ್ತರ. ಪಕ್ಕದ ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಅಷ್ಟರಲ್ಲಿ ಜೂನ್ ಬಂತು. ಹಾಸನ ಜಿಲ್ಲೆಯಲ್ಲಿ ಸಾಲುಸಾಲಾಗಿ ಹೃದಯಾಘಾತದ ಸಾವು ಎಂಬ ಸುದ್ದಿ ಟಿವಿ, ವಾಟ್ಸಾಪ್ ತುಂಬಾ ಹರಿದಾಡಿತು. ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಹಿಂದೆ 2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಇಂಥದ್ದೇ ಗಾಬರಿ ಕಂಡಿದ್ದೆವು. ಎದೆಯ ಮೇಲೆ ಕೈ ಇಟ್ಟುಕೊಂಡು ಸುದ್ದಿ ನೋಡುವ ಹೆಂಗಸಿಗೆ ಆ ತಿಂಗಳು ಹೇಗಿದ್ದಿರಬೇಕು!

ಮೊದಲು ಬಸ್ಸು ಬಿಟ್ಟರು. ಆಮೇಲೆ ರೇಷನ್ ಅಂಗಡಿಯ ಕ್ಯೂ ಬಿಟ್ಟರು. ಕೊನೆಗೆ ತಮ್ಮದೇ ಅಂಗಡಿಯ ಮೇಲಿನ ಕೋಣೆಗೆ ಮೆಟ್ಟಿಲು ಹತ್ತುವುದನ್ನೂ ಬಿಟ್ಟರು. ಎಲ್ಲಿಗೆ ಹೋಗಬೇಕಿದ್ದರೂ ಗಂಡನ ಬೈಕು ಬೇಕು. ನನ್ನ ಬಳಿ ಬಂದಾಗ ವ್ಯಾನಿಟಿ ಬ್ಯಾಗಿನಲ್ಲಿ ನೀರಿನ ಬಾಟಲಿ, ಆತಂಕ ತಗ್ಗಿಸುವ ಆಲ್ಪ್ರಜೋಲಾಮ್ ಮಾತ್ರೆಯ ಅರ್ಧ ಸ್ಟ್ರಿಪ್, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಇಸಿಜಿ ಇದ್ದವು. ಆ ಮಾತ್ರೆ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಪದೇ ಪದೇ ತಂದದ್ದು.

ಮೊದಲು ರಿಪೋರ್ಟು, ಆಮೇಲೆ ಉಸಿರು

ರಿಪೋರ್ಟ್‌ಗಳ ನಡುವೆ ಯಾರ ಗಮನಕ್ಕೂ ಬಾರದ ಒಂದು ಸಂಖ್ಯೆ ಇತ್ತು. ಹಿಮೋಗ್ಲೋಬಿನ್ 9.4. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಥೈರಾಯ್ಡ್ ಸರಿ ಇತ್ತು. ಕೇಳಿದಾಗ, ಒಂದು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ ಎಂದರು. ಆವರೆಗೆ ಪರೀಕ್ಷಿಸಿದ ವೈದ್ಯರೆಲ್ಲ ಹೃದಯವನ್ನು ಮಾತ್ರ ನೋಡಿದ್ದರು. ರಕ್ತ ಕಡಿಮೆ ಇದ್ದಾಗ ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುವುದು ಸಹಜ. ಅದರಲ್ಲಿ ಮನಸ್ಸಿನ ಪಾಲು ಹುಡುಕುತ್ತಾ ಕೂತರೆ ಕಬ್ಬಿಣದ ಮಾತ್ರೆ ಕೊಡುವವರು ಯಾರು? ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಅವರು ಕಬ್ಬಿಣಾಂಶ ಶುರು ಮಾಡಿ, ರಕ್ತಸ್ರಾವಕ್ಕೂ ಚಿಕಿತ್ಸೆ ಕೊಟ್ಟರು.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ನೋಡಿಸಿದೆವು. ಇದು ಸುಲಭವಾಗಿ ಆಗಲಿಲ್ಲ. ‘ಮೇಡಂ, ಮಾತ್ರೆ ಬೇಡ ಅಂತಲೇ ನಿಮ್ಮ ಹತ್ರ ಕರ್ಕೊಂಡು ಬಂದಿದ್ದು’ ಎಂದು ಗಂಡ ಬೇಸರ ಪಟ್ಟುಕೊಂಡರು. ಇಂಥ ಕಡೆ ನಮ್ಮಂಥವರಿಗೆ ಒಂದು ಆಸೆ ಹುಟ್ಟುತ್ತದೆ, ಮಾತ್ರೆ ಇಲ್ಲದೆ ಗುಣ ಮಾಡಿ ತೋರಿಸೋಣ ಎಂದು. ಅದು ನಮ್ಮ ಹೆಮ್ಮೆಗೆ ಒಳ್ಳೆಯದು, ಬಂದವರಿಗೆ ಅಲ್ಲ. ಮೇಲಾಗಿ ಅವರು ಆಗಲೇ ಮಾತ್ರೆ ನುಂಗುತ್ತಿದ್ದರು. ಆಲ್ಪ್ರಜೋಲಾಮ್ ಬೇಗ ರೂಢಿಯಾಗುವ ಔಷಧ, ಒಮ್ಮೆಲೇ ನಿಲ್ಲಿಸಿದರೂ ತೊಂದರೆ. ಮನೋವೈದ್ಯರು ಅದನ್ನು ನಿಧಾನವಾಗಿ ಇಳಿಸುವ ಲೆಕ್ಕ ಬರೆದುಕೊಟ್ಟರು. ಆತಂಕ, ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್ ಅನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿದರು. ಇದರ ಗುಣ ಕಾಣಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಜಾಸ್ತಿಯಾಗಬಹುದು ಎಂದು ಮುಂಚೆಯೇ ಹೇಳಿದ್ದು ಒಳ್ಳೆಯದಾಯಿತು. ಚಡಪಡಿಕೆ ಬಂದಾಗ ಅವರು ಮಾತ್ರೆ ಬಿಡಲಿಲ್ಲ, ಫೋನ್ ಮಾಡಿದರು.

ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 17 ಬಂತು. 15 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ ಎಂದು ಲೆಕ್ಕ. ಖಿನ್ನತೆಯ ಪಿಎಚ್‌ಕ್ಯೂ-9 ಕೂಡ ಕೇಳಿದೆ. ಅದರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ‘ಸಾಯೋ ಯೋಚನೆ ಇದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಮೇಡಂ? ಸಾಯೋ ಭಯಕ್ಕೇ ಬಂದಿರೋದು’ ಎಂದು ನಕ್ಕರು. ಅವರು ನಕ್ಕಿದ್ದು ಅದೇ ಮೊದಲು.

ಅವರ ದಿನಚರಿ ಕೇಳಿದರೆ ದೇಹದ ಕಥೆ ಅರ್ಧ ಅಲ್ಲೇ ಇತ್ತು. ಬೆಳಗ್ಗೆ ಬರೀ ಹೊಟ್ಟೆಗೆ ಎರಡು ಲೋಟ ಸ್ಟ್ರಾಂಗ್ ಕಾಫಿ. ತಿಂಡಿ ಹನ್ನೊಂದು ದಾಟಿದ ಮೇಲೆ. ರಾತ್ರಿ ಒಂದರವರೆಗೆ ಮಷೀನು. ಕೆಲಸ ಹೇಗೆ ಮಾಡುತ್ತೀರಿ, ತೋರಿಸಿ ಎಂದೆ. ಮೇಜಿನ ಮೇಲೆ ಹಳೇ ಸೀರೆ ಹಾಸಿ ಕತ್ತರಿ ಕೈಗೆ ಕೊಟ್ಟೆ. ಕತ್ತರಿ ಬಟ್ಟೆಗೆ ತಾಗುತ್ತಿದ್ದಂತೆ ಭುಜ ಕಿವಿಯ ಕಡೆ ಏರಿತು, ಹಲ್ಲು ಕಚ್ಚಿಕೊಂಡರು, ಉಸಿರು ನಿಂತಿತು. ಆ ತುದಿಯವರೆಗೆ ಕತ್ತರಿಸಿ ಮುಗಿದ ಮೇಲೆ ಜೋರಾಗಿ ಒಂದು ಉಸಿರು. ಇಪ್ಪತ್ತು ವರ್ಷದಿಂದ ದಿನಾ ಹೀಗೆ! ಅವರಿಗೇ ಇದು ಗೊತ್ತಿರಲಿಲ್ಲ. ಧ್ಯಾನ ಕಲಿಸುವ ಮೊದಲು ಇದನ್ನು ಹಿಡಿದೆವು. ಕತ್ತರಿ ಮುಚ್ಚುವಾಗ ಉಸಿರು ಬಿಡುವುದು, ದಾರ ಪೋಣಿಸಿದ ಮೇಲೆ ಭುಜ ಇಳಿಸುವುದು. ಬೇರೆ ಸಮಯ ತೆಗೆದಿಡಬೇಕಿಲ್ಲ, ಆದ್ದರಿಂದ ಅವರು ಬಿಡದೆ ಮಾಡಿದರು. ಕಾಫಿ ತಿಂಡಿಯ ನಂತರಕ್ಕೆ ಹೋಯಿತು.

ಚಾಪೆಯ ಮೇಲೆ ಆದದ್ದು

ಮುಂದಿನ ಹೆಜ್ಜೆ ಸ್ನಾಯು ಸಡಿಲಿಸುವ ಅಭ್ಯಾಸ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ರೂಪಿಸಿದ ಕ್ರಮ ಇದು. ಒಂದೊಂದೇ ಸ್ನಾಯುವನ್ನು ಬಿಗಿ ಹಿಡಿದು ಬಿಡುವುದು. ನಮ್ಮ ಯೋಗ ತರಗತಿಗಳ ಕೊನೆಯಲ್ಲಿ ಮಾಡಿಸುವುದಕ್ಕೂ ಇದಕ್ಕೂ ಹತ್ತಿರದ ನಂಟು. ಚಾಪೆ ಹಾಸಿ ಅಂಗಾತ ಮಲಗಿ ಕಣ್ಣು ಮುಚ್ಚಲು ಹೇಳಿದೆ. ಸ್ವಲ್ಪ ಹೊತ್ತಿಗೇ ಎದ್ದು ಕೂತುಬಿಟ್ಟರು. ಮೈಯೆಲ್ಲ ಬೆವರು. ಬಸ್ಸಿನಲ್ಲಿ ಆದದ್ದೇ ಇಲ್ಲೂ ಆಗಿತ್ತು.

ಮೈ ಸಡಿಲ ಬಿಟ್ಟಾಗ ಕೆಲವರಿಗೆ ಆತಂಕ ಏರುತ್ತದೆ ಎಂಬುದು ಗೊತ್ತಿರುವ ಸಂಗತಿ. ಕಣ್ಣು ಮುಚ್ಚಿ, ಸದ್ದಿಲ್ಲದೆ ಮಲಗಿದರೆ ಎದೆ ಬಡಿತವೊಂದೇ ಕೇಳಿಸುತ್ತದೆ. ಅದಕ್ಕೇ ಹೆದರುವವರಿಗೆ ಅದು ಶಾಂತಿ ಹೇಗೆ ಕೊಡಬೇಕು? ಆದರೆ ಸಾವಿತ್ರಮ್ಮ ಬೇರೊಂದು ಮಾತು ಹೇಳಿದರು. ‘ಅಣ್ಣನ್ನ ಹಾಲ್‌ನಲ್ಲಿ ಹೀಗೇ ಮಲಗ್ಸಿದ್ರು.’

ಅಣ್ಣನ ವಿಷಯ ಆವರೆಗೆ ಬಂದಿರಲಿಲ್ಲ. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡರೇ ಎಂದು ಕೇಳಿದಾಗ ‘ಅಣ್ಣ, ಹೋದ ವರ್ಷ’ ಎಂದು ಹೇಳಿ ಮುಂದಿನ ಮಾತಿಗೆ ಹೋಗಿದ್ದರು. ಈಗ ಗೊತ್ತಾಯಿತು, 49 ವರ್ಷದ ಅಣ್ಣ 2024ರ ದೀಪಾವಳಿಯ ಆಸುಪಾಸಿನಲ್ಲಿ ರಾತ್ರಿ ಮಲಗಿದ್ದವರು ಏಳಲಿಲ್ಲ. ಅತ್ತಿಗೆ ಕುಸಿದುಬಿದ್ದಿದ್ದರಿಂದ ಸಾವಿನ ಮನೆಯ ಪೂರ್ತಿ ಜವಾಬ್ದಾರಿ ಇವರ ಮೇಲೆ ಬಿತ್ತು. ಬಂದವರಿಗೆ ಕಾಫಿ, ಹನ್ನೊಂದನೇ ದಿನದ ಅಡುಗೆ, ಲೆಕ್ಕಪತ್ರ ಎಲ್ಲವೂ. ಅಳಲು ಪುರುಸೊತ್ತೇ ಆಗಲಿಲ್ಲ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಬಾಗಿಲು ತೆರೆದಿದೆ, ದುಃಖದ ಕಡೆಗೇ ಹೋಗೋಣವೇ? ಅಥವಾ ಮೊದಲು ಭಯದ ಕೆಲಸ ಮಾಡೋಣವೇ? ನಾನು ಎರಡನೆಯದನ್ನು ಆರಿಸಿದೆ. ಎದೆ ಬಡಿತ ಏರಿದ ಕೂಡಲೇ ಸಾಯುತ್ತೇನೆ ಎನ್ನುವ ವ್ಯಕ್ತಿಯನ್ನು ಅಣ್ಣನ ಸಾವಿನ ರಾತ್ರಿಗೆ ಕರೆದೊಯ್ದರೆ, ಅಳು ಬಂದಾಗ ಏರುವ ಬಡಿತವನ್ನೇ ಅವರು ತಾಳಲಾರರು. ಚಾಪೆ ಸುತ್ತಿಟ್ಟೆವು. ಮುಂದೆ ಎಲ್ಲ ಅಭ್ಯಾಸವೂ ಕುರ್ಚಿಯಲ್ಲಿ, ಕಣ್ಣು ತೆರೆದು, ಪಾದ ನೆಲಕ್ಕೆ ಊರಿ.

ಕಪಾಲಭಾತಿಯನ್ನು ತಿರುಗಿಸಿ ಬಳಸಿದ್ದು

ಅವರ ಊರಿನ ಕಲ್ಯಾಣ ಮಂಟಪದಲ್ಲಿ ನಡೆದ ಯೋಗ ಶಿಬಿರದಲ್ಲಿ ಕಪಾಲಭಾತಿ, ಅಂದರೆ ಉಸಿರನ್ನು ವೇಗವಾಗಿ ಹೊರದಬ್ಬುವ ಅಭ್ಯಾಸ, ಕಲಿತಿದ್ದರಂತೆ. ಮನೆಯಲ್ಲಿ ಜೋರಾಗಿ ಮಾಡಿದಾಗ ತಲೆ ತಿರುಗಿ, ಬೆರಳು ಜುಮ್ ಎಂದು ನಿಲ್ಲಿಸಿದ್ದರು. ‘ಅದರಿಂದಲೇ ಹಾರ್ಟಿಗೆ ಏನೋ ಆಗಿದೆ’ ಎಂಬ ಅನುಮಾನ ಒಳಗೇ ಉಳಿದಿತ್ತು. ನನಗೆ ಇದು ಸಿಕ್ಕಿದ್ದು ಒಳ್ಳೆಯದಾಯಿತು.

ಓಡದೆ, ದುಡಿಯದೆ ಸುಮ್ನೆ ಕೂತು ವೇಗವಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಆಗ ಮಿದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗುತ್ತವೆ, ತಲೆ ಹಗುರವಾಗುತ್ತದೆ. ರಕ್ತ ಕ್ಷಾರದ ಕಡೆ ವಾಲಿ ನರಗಳು ಚುರುಕಾಗುತ್ತವೆ, ತುಟಿ ಮತ್ತು ಬೆರಳ ತುದಿ ಜುಮ್ ಎನ್ನುತ್ತವೆ. ಆಮ್ಲಜನಕಕ್ಕೆ ಕೊರತೆ ಇರುವುದಿಲ್ಲ. ಆದರೂ ಉಸಿರು ಸಾಲದು ಅನಿಸುತ್ತದೆ, ಇನ್ನೂ ಜೋರಾಗಿ ಎಳೆದುಕೊಳ್ಳುತ್ತೇವೆ. ಇದ್ದಕ್ಕಿದ್ದಂತೆ ಹೀಗೆ ಏರುವ ತೀವ್ರ ಭಯಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ; ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ ಅದರ ಚಕ್ರ ಇದೇ. ಮೈಯಲ್ಲಿ ಏನೋ ಆಗುತ್ತದೆ, ಅದನ್ನು ಸಾವಿನ ಸೂಚನೆ ಎಂದು ಓದಿಕೊಳ್ಳುತ್ತೇವೆ, ಭಯ ಏರುತ್ತದೆ, ಭಯದಿಂದ ಮೈಯಲ್ಲಿ ಅದೇ ಇನ್ನಷ್ಟು ಆಗುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ನಂಬುವುದಿಲ್ಲ. ಆದ್ದರಿಂದ ಮಾಡಿಯೇ ತೋರಿಸುವುದು. ಅದಕ್ಕೂ ಮೊದಲು ವೈದ್ಯರಿಂದ ಲಿಖಿತ ಒಪ್ಪಿಗೆ ತೆಗೆದುಕೊಂಡೆ. ಹೃದ್ರೋಗ, ಆಸ್ತಮಾ, ಮೂರ್ಛೆರೋಗ ಇದ್ದವರಿಗೆ, ಗರ್ಭಿಣಿಯರಿಗೆ ಇದನ್ನು ಮಾಡಿಸಬಾರದು. ರಕ್ತಹೀನತೆ ಸುಧಾರಿಸುವವರೆಗೂ ಕಾದೆವು. ಆಮೇಲೆ ಕುರ್ಚಿಯಲ್ಲಿ ಕೂತು, ನಾನೂ ಜೊತೆಗೆ ಕೂತು, ಒಂದು ನಿಮಿಷ ವೇಗದ ಉಸಿರಾಟ.

ಅರ್ಧದಲ್ಲೇ ಅವರ ಕಣ್ಣು ಅಗಲವಾಯಿತು. ‘ಇದೇ ಮೇಡಂ! ಬಸ್ಸಲ್ಲಿ ಆಗೋದು ಇದೇ!’

ಆಗ ಮಾಡಬೇಕಾದ್ದು ಬಹಳ ಕಷ್ಟದ ಕೆಲಸ, ಏನೂ ಮಾಡದಿರುವುದು. ನೀರು ಕೊಡಲಿಲ್ಲ, ‘ಏನಾಗಲ್ಲ’ ಎನ್ನಲಿಲ್ಲ, ನಿಧಾನ ಉಸಿರಾಡಿ ಎಂದೂ ಹೇಳಲಿಲ್ಲ. ಮೈಯಲ್ಲಿ ಏನೇನಾಗುತ್ತಿದೆ ಎಂದು ಹೇಳುತ್ತಾ ಹೋಗಿ ಎಂದೆ ಅಷ್ಟೇ. ಬೆರಳು, ತುಟಿ, ಎದೆ. ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯಿತು. ಇಳಿದದ್ದನ್ನು ಅವರೇ ನೋಡಿದರು. ಮುಂದಿನ ಭೇಟಿಗಳಲ್ಲಿ ಇದನ್ನೇ ಮತ್ತೆ ಮತ್ತೆ ಮಾಡಿದೆವು, ಮೆಟ್ಟಿಲು ಹತ್ತಿಳಿದೆವು, ನಿಂತಲ್ಲೇ ಸುತ್ತಿದೆವು. ಒಂದು ದಿನ ಅವರು ‘ಬೇಜಾರಾಗ್ತಿದೆ ಮೇಡಂ, ಸಾಕು’ ಎಂದರು. ಬೇಜಾರು ಬರುವುದೇ ಬೇಕಿತ್ತು.

ನಿಧಾನದ ಉಸಿರಾಟವನ್ನೂ ಕಲಿಸಿದೆ. ನಿಮಿಷಕ್ಕೆ ಸುಮಾರು ಆರು ಉಸಿರು, ಬಿಡುವುದು ಉದ್ದ. ಉಸಿರು ಬಿಡುವಾಗ ಹೃದಯದ ವೇಗ ಸ್ವಲ್ಪ ಇಳಿಯುತ್ತದೆ, ಇದು ದೇಹದ ಸಹಜ ಏರ್ಪಾಡು. ಆದರೆ ಇದಕ್ಕೆ ಒಂದು ಷರತ್ತು ಹಾಕಿದೆ. ರಾತ್ರಿ ಮಲಗುವ ಮುಂಚೆ ಮಾತ್ರ, ಬಸ್ಸಿನಲ್ಲಿ ಬೇಡ. ಭಯ ಬಂದ ಕೂಡಲೇ ಉಸಿರಾಟದಿಂದ ಓಡಿಸಲು ಹೊರಟರೆ ಅದೂ ಪರ್ಸಿನ ಮಾತ್ರೆಯೇ ಆಗುತ್ತದೆ. ‘ಇವತ್ತು ಉಸಿರಾಟ ಮಾಡಿದ್ದರಿಂದ ಬದುಕಿದೆ’ ಎಂಬ ನಂಬಿಕೆ ಬೆಳೆದರೆ ಭಯ ಇದ್ದಲ್ಲೇ ಇರುತ್ತದೆ. ಈ ವಿಷಯದಲ್ಲಿ ನನ್ನ ಹಲವು ಸಹೋದ್ಯೋಗಿಗಳಿಗೆ ಬೇರೆ ಅಭಿಪ್ರಾಯ ಇದೆ. ನಾನು ಇದನ್ನೇ ಹಿಡಿದಿದ್ದೇನೆ.

ಸೊನ್ನೆ ಟಿಕೆಟ್ಟಿನ ಬಸ್ಸು

ಬಸ್ಸಿನ ಅಭ್ಯಾಸಕ್ಕೆ ಶಕ್ತಿ ಯೋಜನೆಯಷ್ಟು ಉಪಕಾರ ಬೇರಾವುದೂ ಮಾಡಲಿಲ್ಲ. 2023ರ ಜೂನ್‌ನಿಂದ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಒಂದು ಸ್ಟಾಪ್ ಹೋಗಿ ಇಳಿಯಬಹುದು, ಮತ್ತೆ ಹತ್ತಬಹುದು. ಭಯದ ಅಭ್ಯಾಸಕ್ಕೆ ಬೇಕಾದ್ದು ಇದೇ, ಅಲ್ವಾ? ಖಾಲಿ ಬಸ್ಸು, ಗಂಡ ಹಿಂದಿನ ಸೀಟಿನಲ್ಲಿ. ಆಮೇಲೆ ಗಂಡ ಬೈಕಿನಲ್ಲಿ ಬಸ್ಸಿನ ಹಿಂದೆ. ಆಮೇಲೆ ಗಂಡ ಡೇರಿಯಲ್ಲಿ. ನೀರಿನ ಬಾಟಲಿ ಬ್ಯಾಗಿನಲ್ಲೇ ಉಳಿಯಿತು, ಇಸಿಜಿ ಮನೆಯಲ್ಲಿ ಉಳಿಯಿತು.

ಗಂಡನ ಜೊತೆ ಪ್ರತ್ಯೇಕವಾಗಿ ಕೂತು ಮಾತಾಡಿದ್ದು ಈ ಹಂತದಲ್ಲಿ. ಅವರು ದಿನಕ್ಕೆ ಹತ್ತು ಸಲ ‘ಈಗ ಹೇಗಿದೆ?’ ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ. ಆದರೆ ಪ್ರತಿ ಸಲ ಕೇಳಿದಾಗಲೂ ಸಾವಿತ್ರಮ್ಮನ ಗಮನ ಎದೆಗೆ ಹೋಗುತ್ತಿತ್ತು. ‘ಹಾಗಾದ್ರೆ ನಾನೇನು ಕೇಳ್ಬೇಕು ಮೇಡಂ?’ ಎಂದರು. ಬ್ಲೌಸ್ ಎಷ್ಟಾಯ್ತು ಅಂತ ಕೇಳಿ ಎಂದೆ.

ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಹಿನ್ನಡೆ ಬಂತು. ಮಳೆಯ ಸಂಜೆ, ಕಿಕ್ಕಿರಿದ ಬಸ್ಸು, ಕಿಟಕಿಗಳೆಲ್ಲ ಮುಚ್ಚಿದ್ದವು. ಎದೆಯಲ್ಲಿ ಉರಿ ಶುರುವಾಯಿತು. ಬಡಿತ ಅಲ್ಲ, ಉರಿ. ಪಕ್ಕದ ಹೆಂಗಸು ‘ಗ್ಯಾಸ್ ಇರ್ಬೇಕು ಕಣಮ್ಮ’ ಎಂದರಂತೆ. ಅಷ್ಟು ಸಾಕಾಯಿತು. ದಾರಿಯಲ್ಲೇ ಇಳಿದರು, ಗಂಡ ಹೋಗಿ ಕರೆತಂದರು. ಅಭ್ಯಾಸ ನಿಂತುಹೋಯಿತು.

ಮುಂದಿನ ಭೇಟಿಯಲ್ಲಿ ಆ ಘಳಿಗೆಯನ್ನು ನಿಧಾನವಾಗಿ ಬಿಡಿಸುತ್ತಾ ಹೋದೆವು. ಬಡಿತ, ಬೆವರು, ಜುಮ್ ಎನ್ನುವುದು ಇವಕ್ಕೆಲ್ಲ ಅವರು ಆಗಲೇ ಒಗ್ಗಿದ್ದರು. ಹಾಗಾದರೆ ಅಂದು ಹೆಚ್ಚಾದದ್ದು ಏನು? ಪಕ್ಕದವರು ಹೇಳಿದ ಮಾತು ಕೇಳಿದಾಗ ಮೈಯಲ್ಲಿ ಎಲ್ಲಿ ಏನಾಯಿತು ಎಂದು ಕೇಳಿದೆ. ಕೈ ಎದೆಗೆ ಹೋಯಿತು. ಬಹಳ ಹೊತ್ತು ಮಾತಿಲ್ಲ.

ಅಣ್ಣ ತೀರಿಕೊಂಡ ರಾತ್ರಿ ಫೋನ್ ಮಾಡಿದ್ದರಂತೆ. ಹಬ್ಬದ ಮಾತಿನ ಮಧ್ಯೆ, ಯಾಕೋ ಎದೆ ಉರಿ ಎಂದಿದ್ದರು. ‘ನಾನೇ ಅಂದೆ ಮೇಡಂ. ಗ್ಯಾಸ್ ಅಷ್ಟೇ ಅಣ್ಣ, ಜೀರಿಗೆ ನೀರು ಕುಡಿದು ಮಲ್ಕೋ ಅಂತ.’

ವೈದ್ಯರು ಧೈರ್ಯ ಹೇಳಿದಷ್ಟೂ ಇವರಿಗೆ ಭಯ ಏಕೆ ಜಾಸ್ತಿಯಾಗುತ್ತಿತ್ತು ಎಂಬುದು ಆಗ ತಿಳಿಯಿತು. ಪ್ರತಿ ಆಸ್ಪತ್ರೆಯಲ್ಲೂ ಅವರಿಗೆ ಸಿಕ್ಕ ಸಮಾಧಾನ, ಅಣ್ಣನನ್ನು ಸಾವಿಗೆ ಕಳಿಸಿತು ಎಂದು ಅವರು ನಂಬಿದ್ದ ಅದೇ ಸಮಾಧಾನ. ಇಸಿಜಿ ಎಷ್ಟು ಸರಿ ಇದ್ದರೇನು? ಈ ಮಾತು ಯಾವ ರಿಪೋರ್ಟಿನಲ್ಲೂ ಸಿಗುತ್ತಿರಲಿಲ್ಲ. ಬರೀ ಮಾತಿನಲ್ಲಿ ಕೇಳಿದ್ದರೂ ಬರುತ್ತಿತ್ತೋ ಇಲ್ಲವೋ. ಎದೆಯ ಮೇಲೆ ಕೈ ಹೋದ ಮೇಲೆ ಬಂತು.

‘ನಿಮ್ಮ ತಪ್ಪಲ್ಲ’ ಎಂದು ಹೇಳಲು ನಾಲಿಗೆಯ ತುದಿಯವರೆಗೆ ಬರುತ್ತದೆ. ಹೇಳಲಿಲ್ಲ. ಅದೂ ಒಂದು ‘ಏನೂ ಇಲ್ಲ’ ಆಗಿಬಿಡುತ್ತಿತ್ತು. ಆ ರಾತ್ರಿಯ ಬಗ್ಗೆ ಅತ್ತಿಗೆಯ ಜೊತೆ ಮಾತಾಡಿದ್ದೀರಾ ಎಂದು ಕೇಳಿದೆ. ಇಲ್ಲ. ವರ್ಷದ ತಿಥಿ ಹತ್ತಿರ ಬಂದಿತ್ತು. ಅಣ್ಣನ ಊರು ಬಸ್ಸಿನಲ್ಲಿ ಎರಡು ಗಂಟೆ ದಾರಿ. ಹೋಗಬೇಕೆಂದು ಅವರೇ ತೀರ್ಮಾನಿಸಿದರು, ಬಸ್ಸಿನಲ್ಲೇ. ದಾರಿಯಲ್ಲಿ ಎರಡು ಸಲ ಬಡಿತ ಏರಿತು, ಇಳಿಯಿತು. ಇವರು ಇಳಿಯಲಿಲ್ಲ.

ತಿಥಿಯ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಇಬ್ಬರೂ ಕೂತಾಗ ಹೇಳಿಕೊಂಡರು. ಅತ್ತಿಗೆ ಹೇಳಿದ್ದು ಇಷ್ಟು: ಎರಡು ದಿನದಿಂದ ಎದೆ ಉರಿ ಇತ್ತು, ಆಸ್ಪತ್ರೆಗೆ ಹೋಗೋಣ ಎಂದರೆ ಅವರೇ ಹಬ್ಬ ಮುಗಿಯಲಿ ಎಂದಿದ್ದರು, ಸೋಡಾ ತಂದುಕೊಟ್ಟದ್ದು ನಾನೇ. ಇಬ್ಬರೂ ಒಂದೇ ಹೊರೆಯನ್ನು ಒಂದು ವರ್ಷ ಬೇರೆ ಬೇರೆಯಾಗಿ ಹೊತ್ತಿದ್ದರು. ಬೆಳಗಿನ ಜಾವದವರೆಗೆ ಅತ್ತರಂತೆ.

ಫಲಿತಾಂಶ, ಮತ್ತು ಇದರಿಂದ ನಾನು ಇಟ್ಟುಕೊಂಡದ್ದು

ವರ್ಷದ ಕೊನೆಯ ಹೊತ್ತಿಗೆ ಜಿಎಡಿ-7 ಅಂಕ 6ಕ್ಕೆ ಇಳಿದಿತ್ತು. ಹಿಮೋಗ್ಲೋಬಿನ್ 12ರ ಹತ್ತಿರ ಬಂದಿತ್ತು. ಆಲ್ಪ್ರಜೋಲಾಮ್ ನಿಂತಿತ್ತು. ಅಂಗಡಿಯ ಒಬ್ಬ ಹುಡುಗಿಯನ್ನು ಕರೆದುಕೊಂಡು ಚಿಕ್ಕಪೇಟೆಗೆ ಹೋಗಿಬಂದರು. ಒಬ್ಬರೇ ಇನ್ನೂ ಹೋಗಿಲ್ಲ. ರಾತ್ರಿ ಹೊತ್ತು ಫೋನ್ ರಿಂಗಾದರೆ ಈಗಲೂ ಕೈ ನಡುಗುತ್ತದೆ.

ಯಾವುದು ಕೆಲಸ ಮಾಡಿತು? ಎಸ್ಸಿಟಲೋಪ್ರಾಮೋ, ಕಬ್ಬಿಣವೋ, ವೇಗದ ಉಸಿರೋ, ಅತ್ತಿಗೆಯೋ? ಒಂದು ಪ್ರಕರಣದಿಂದ ಇದನ್ನು ಬಿಡಿಸಿ ಹೇಳಲು ಬರುವುದಿಲ್ಲ, ಹೇಳುವವರನ್ನು ನಂಬಬೇಡಿ. ಆದರೆ ಯಾವುದು ಯಾವಾಗ ಬಂತು ಎಂಬುದು ಮುಖ್ಯವಾಯಿತು ಎಂದು ನನಗನ್ನಿಸುತ್ತದೆ. ಬಡಿತ ತಾಳುವ ಶಕ್ತಿ ಬಂದಿರದಿದ್ದರೆ ಆ ಅಡುಗೆಮನೆಯ ಅಳು ಮತ್ತೊಂದು ಆಸ್ಪತ್ರೆ ಭೇಟಿಯಲ್ಲಿ ಮುಗಿಯುತ್ತಿತ್ತೇನೋ.

ಮೊದಲ ಭೇಟಿಯ ನನ್ನ ಪ್ರಶ್ನೆಗಳಿಗೆ ಈಗ ಒಂದು ಸೇರಿದೆ. ‘ಇಂಥದ್ದೇ ನೋವು ನಿಮ್ಮವರಲ್ಲಿ ಯಾರಿಗಾದರೂ ಬಂದಿತ್ತೇ, ಆಗ ಯಾರು ಏನು ಹೇಳಿದರು?’ ಇನ್ನೊಂದು ವಿಷಯವನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ. ಎದೆನೋವೆಲ್ಲ ಮನಸ್ಸಿನದು ಎಂದು ಯಾರಿಗೂ ಕಲಿಸಬಾರದು. ಸಾವಿತ್ರಮ್ಮನಿಗೆ ವೈದ್ಯರೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ: ನಡೆದಾಗ ಬಂದು ನಿಂತಾಗ ಹೋಗುವ ನೋವು, ತೋಳಿಗೋ ದವಡೆಗೋ ಹರಡುವ ನೋವು, ಬಿಡದೆ ಎದೆ ಒತ್ತಿಹಿಡಿದಂತಾಗುವುದು, ಇವು ಬಂದರೆ ಕಾಯದೆ 108ಕ್ಕೆ ಕರೆ. ಈ ಹಾಳೆ ಇದ್ದದ್ದರಿಂದಲೇ ಉಳಿದ ಬಡಿತಗಳನ್ನು ಬಡಿತವಾಗಿ ಬಿಡಲು ಅವರಿಗೆ ಸಾಧ್ಯವಾಯಿತು. ಹತ್ತಿರದಲ್ಲಿ ಯಾರೂ ಸಿಗದ ಊರುಗಳವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ಎಸ್ಸಿಟಲೋಪ್ರಾಮ್ ಯಾವಾಗ ಇಳಿಸಬೇಕು ಎಂಬುದು ಮನೋವೈದ್ಯರ ಜೊತೆ ಇನ್ನೂ ಮಾತಿನಲ್ಲಿದೆ. ಮದುವೆ ಸೀಸನ್ ಮುಗಿಯುವ ತನಕ ಆ ಮಾತೇ ಬೇಡ ಎಂದು ಸಾವಿತ್ರಮ್ಮ ಹೇಳಿದ್ದಾರೆ.